ಕೋವಿಯ ದಾರಿಯಲ್ಲಿ ಬಂದ ಕ್ಯಾಮೆರಾ

ಛಾಯಾಚಿತ್ರಗಳ ವಿಚಾರವಾಗಿ ಬಾನುಲಿಯಲ್ಲಿ ಮಾತನಾಡಬೇಕೆಂಬ ಆಹ್ವಾನ ಬಂದಾಗ ಮೊದಲು ನನಗೆ ನಗು ಬಂದಿತು. ಕಣ್ಣಿಗೆ ಸಲ್ಲಬೇಕಾದುದನ್ನು ಕಿವಿಗೆ ಒಪ್ಪಿಸುವುದೆಂದರೆ, ಅಡುಗೆಯ ವರ್ಣನೆ ಮಾಡಿ ಅತಿಥಿಯ ಹಸಿವನ್ನು ಹಿಂಗಿಸಲು ಹೊರಟಂತೆ. ಆದರೆ ಯೋಚಿಸುತ್ತ ಹೋದ ಹಾಗೆ, ನಾನು ಹೇಳಬೇಕೆಂದಿರುವುದು ಚಿತ್ರಗಳ ವಿಷಯವಲ್ಲ, ಚಿತ್ರ ತೆಗೆಯುವ ಮನುಷ್ಯನ ವಿಷಯ ಎಂಬುದು ಸ್ಪಷ್ಟವಾಯಿತು. ಅದನ್ನು ಮಾತಿನಲ್ಲಿ ಹೇಳಬಹುದು. ನಾನು ಪ್ರಾಣಿಶಾಸ್ತ್ರ ಓದಿದವನಲ್ಲ, ಛಾಯಾಗ್ರಾಹಕನೂ ಅಲ್ಲ. ಕನ್ನಡ ಪಾಠ ಹೇಳಿ ನಿವೃತ್ತನಾದವನು. ಆದ್ದರಿಂದ ಮಾತಿನ ಕಡೆಯಿಂದಲೇ ಈ ವಿಷಯವನ್ನು ಪ್ರವೇಶಿಸಲು ಅಪ್ಪಣೆ ಬೇಡುತ್ತೇನೆ.

ಇಂಗ್ಲಿಷಿನಲ್ಲಿ ಕೋವಿ ಹಾರಿಸುವುದಕ್ಕೂ ಚಿತ್ರ ತೆಗೆಯುವುದಕ್ಕೂ ಒಂದೇ ಕ್ರಿಯಾಪದವಿದೆ ಎಂದು ಹಲವರು ಬೆರಗುಪಡುತ್ತಾರೆ. ನಮ್ಮ ಭಾಷೆಯೇನೂ ಕಡಿಮೆಯದಲ್ಲ. ನಾವು ಫೋಟೋ 'ತೆಗೆಯುತ್ತೇವೆ', 'ಹಿಡಿಯುತ್ತೇವೆ', ಆಡುಮಾತಿನಲ್ಲಿ 'ಹೊಡೆಯುತ್ತೇವೆ'. ಪತ್ರಿಕೆಯ ಕನ್ನಡದಲ್ಲಿಯಂತೂ ಹುಲಿಯನ್ನು ಕ್ಯಾಮೆರಾದಲ್ಲಿ 'ಸೆರೆಹಿಡಿಯುತ್ತೇವೆ'. ನಾಲ್ಕು ಪದಗಳಲ್ಲಿ ಒಂದಾದರೂ ಕೊಡುವ ಪದವಲ್ಲ. ಎಲ್ಲವೂ ಕಸಿದುಕೊಳ್ಳುವ ಪದಗಳೇ. ಭಾಷೆ ಸುಮ್ಮನೆ ಹೀಗೆ ಆಡುವುದಿಲ್ಲ. ಕ್ಯಾಮೆರಾ ಕಾಡಿಗೆ ಬಂದದ್ದು ಕೋವಿ ಮಾಡಿಟ್ಟ ದಾರಿಯಲ್ಲಿಯೇ ಎಂಬ ಚರಿತ್ರೆ ಆ ಪದಗಳಲ್ಲಿ ಉಳಿದಿದೆ. ಆ ದಾರಿಯ ಒಂದು ತುಣುಕು ನಮ್ಮ ಶಿವಮೊಗ್ಗ-ಭದ್ರಾವತಿಯ ಸೀಮೆಯಲ್ಲಿಯೂ ಹಾದುಹೋಗಿದೆ.

ಮೊದಲು ಬೇಸಿಗೆಯ ಮಾತು. ಮಲೆನಾಡೆಂದರೆ ಮಳೆಗಾಲ ಎಂದು ಹೊರಗಿನವರು ತಿಳಿಯುತ್ತಾರೆ. ಆದರೆ ಪ್ರಾಣಿಗಳನ್ನು ನೋಡಬೇಕಾದವನಿಗೆ ಮಳೆಗಾಲ ನಿರುಪಯೋಗಿ. ಶಿವರಾತ್ರಿ ಕಳೆಯುತ್ತಿದ್ದಂತೆ ಭದ್ರಾ ಕಣಿವೆಯ ಎಲೆ ಉದುರುವ ಕಾಡುಗಳು ಬರಿದಾಗುತ್ತವೆ. ಅದುವರೆಗೆ ಹತ್ತು ಮಾರು ದೂರ ಕಾಣದಿದ್ದ ಕಣ್ಣಿಗೆ ನೂರು ಮಾರು ಕಾಣತೊಡಗುತ್ತದೆ. ಸಣ್ಣ ಹಳ್ಳಗಳು ಬತ್ತುತ್ತವೆ. ಎಲ್ಲೆಂದರಲ್ಲಿ ನೀರು ಕುಡಿಯುತ್ತಿದ್ದ ಕಾಟಿ, ಕಡವೆ, ಜಿಂಕೆಗಳು ಉಳಿದ ನಾಲ್ಕಾರು ಮಡುಗಳಿಗೇ ಬರಬೇಕಾಗುತ್ತದೆ. ಅವುಗಳ ಹಿಂದೆ ಹುಲಿಯೂ ಬರುತ್ತದೆ. ಇದನ್ನು ಕ್ಯಾಮೆರಾದವನು ಕಂಡುಹಿಡಿಯಲಿಲ್ಲ, ಬೇಟೆಗಾರ ಬಲ್ಲವನಾಗಿದ್ದ. ಗಾಳಿ ಯಾವ ಕಡೆಯಿಂದ ಬೀಸುತ್ತದೆ, ಹೆಜ್ಜೆ ಹಳೆಯದೋ ಹೊಸದೋ, ಮಂಗ ಯಾವ ಮರದ ಮೇಲೆ ಕೂತು ಕೂಗಿತು, ಮಡುವಿನ ಯಾವ ದಡದಲ್ಲಿ ಅಟ್ಟಣೆ ಕಟ್ಟಬೇಕು - ಈ ವಿದ್ಯೆಯಲ್ಲವೂ ಬೇಟೆಯ ವಿದ್ಯೆ. ಕ್ಯಾಮೆರಾದವನು ಅದಕ್ಕೆ ವಾರಸುದಾರನಾದ.

ಹಳಗನ್ನಡದಲ್ಲಿ 'ಬೇಟ' ಎಂದರೆ ಪ್ರಣಯ, 'ಬೇಂಟೆ' ಎಂದರೆ ಮೃಗಯೆ. ತರಗತಿಯಲ್ಲಿ ಈ ಎರಡು ಪದಗಳು ಎದುರಾದಾಗಲೆಲ್ಲ ವಿದ್ಯಾರ್ಥಿಗಳು ನಗುತ್ತಿದ್ದರು, ನಾನೂ ನಗುತ್ತಿದ್ದೆ. ಕಿವಿಗೆ ಎರಡೂ ಅಷ್ಟು ಹತ್ತಿರ. ಪಂಪನಿಂದ ರಾಘವಾಂಕನವರೆಗೆ ನಮ್ಮ ಕವಿಗಳು ಬೇಟೆಯನ್ನು ವರ್ಣಿಸುವಾಗ ಮೃಗಗಳ ನಡೆ, ನಿಲುವು, ಬೆದರಿದ ಕಣ್ಣು ಇವುಗಳನ್ನು ಎಷ್ಟು ಅಕ್ಕರೆಯಿಂದ ನೋಡಿದ್ದಾರೆಂದರೆ, ಕೊಲ್ಲುವುದಕ್ಕಾಗಿ ನೋಡಿದರೋ ನೋಡುವುದಕ್ಕಾಗಿ ಕೊಲ್ಲುವ ಪ್ರಸಂಗವನ್ನು ತಂದರೋ ಎಂಬ ಸಂಶಯ ಓದುಗನಿಗೆ ಬರುತ್ತದೆ. ಕಲ್ಲಿನಲ್ಲಿಯೂ ಇದಕ್ಕೆ ಸಾಕ್ಷಿಯಿದೆ. ಕ್ರಿಸ್ತಶಕ 949-50ರ ಆತಕೂರಿನ ಶಾಸನ ಹತ್ತನೆಯ ಶತಮಾನದ ಯುದ್ಧಕಥೆಯ ಜೊತೆಗೆ, ಮಣಲೇರನೆಂಬ ವೀರನ 'ಕಾಳಿ' ಎಂಬ ನಾಯಿಯ ಕಥೆಯನ್ನೂ ಹೇಳುತ್ತದೆ. ಕಾಡುಹಂದಿಯೊಡನೆ ಹೋರಾಡಿ ನಾಯಿಯೂ ಹಂದಿಯೂ ಒಟ್ಟಿಗೆ ಸತ್ತವು. ನಾಯಿಗಾಗಿ ಕಲ್ಲು ನಿಂತಿತು. ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿ ಆ ಕಲ್ಲನ್ನು ನೋಡಿದವರು, ಹಂದಿಗೂ ನಾಯಿಗೂ ಶಿಲ್ಪಿ ಸಮಾನ ಗೌರವ ಕೊಟ್ಟಿರುವುದನ್ನು ಗಮನಿಸಿರಬಹುದು. ಆ ಒಂದು ಕ್ಷಣ ಸಾವಿರ ವರ್ಷ ಉಳಿದಿದೆ. ಛಾಯಾಗ್ರಾಹಕನ ಆಸೆಯೂ ಇದಕ್ಕಿಂತ ಬೇರೆಯಲ್ಲ.

ನಮ್ಮ ಜಿಲ್ಲೆಯ ಮಟ್ಟಿಗೆ, ಇಪ್ಪತ್ತನೆಯ ಶತಮಾನದ ಮೊದಲರ್ಧದ ಬೇಟೆಯ ಬದುಕನ್ನು ಕುವೆಂಪು ಅವರಷ್ಟು ಚೆನ್ನಾಗಿ ಬೇರೆ ಯಾರೂ ಬರೆದಿಟ್ಟಿಲ್ಲ. 1933ರ 'ಮಲೆನಾಡಿನ ಚಿತ್ರಗಳು', 1936ರ 'ಕಾನೂರು ಹೆಗ್ಗಡಿತಿ' ಓದಿದವರಿಗೆ ಇದು ಗೊತ್ತು. ಅಲ್ಲಿ ಬೇಟೆ ವಿಲಾಸವಲ್ಲ, ಕ್ರೌರ್ಯವೂ ಅಲ್ಲ. ಅದು ಮನೆತನ, ಸ್ನೇಹ, ಹಬ್ಬ, ಅಡುಗೆಮನೆ ಎಲ್ಲವನ್ನೂ ಹೆಣೆದುಕೊಂಡ ಜೀವನಕ್ರಮ. ಗದ್ದೆಯ ಪೈರು ಹಂದಿಯ ಪಾಲಾಗುವ ಊರಿನಲ್ಲಿ, ಕೊಟ್ಟಿಗೆಯ ದನ ಹುಲಿಯ ಪಾಲಾಗುವ ಊರಿನಲ್ಲಿ, ಕೋವಿಯನ್ನು ದೂರುವುದು ಪೇಟೆಯಲ್ಲಿ ಕೂತವರಿಗೆ ಸುಲಭ. ಸರ್ಕಾರವೂ ಆಗ ಹುಲಿ ಚಿರತೆಗಳನ್ನು ಕೊಂದವರಿಗೆ ಇನಾಮು ಕೊಡುತ್ತಿದ್ದ ಕಾಲವದು.

ಹೊರಗಿನ ಬೇಟೆಗಾರರೂ ಬಂದರು. ಬೆಂಗಳೂರಿನ ಕೆನೆತ್ ಆಂಡರ್ಸನ್ 1954ರಲ್ಲಿ ಪ್ರಕಟಿಸಿದ ತನ್ನ ಮೊದಲ ಬೇಟೆಯ ಪುಸ್ತಕದಲ್ಲಿ ಸಾಗರ ತಾಲ್ಲೂಕಿನ ತ್ಯಾಗರ್ತಿಯ ಹುಲಿಗಳಿಗೆ ಒಂದು ಅಧ್ಯಾಯವನ್ನೇ ಮೀಸಲಿಟ್ಟಿದ್ದಾನೆ. ಆತನ ಕಡೆಗಾಲದ ಬರಹಗಳಲ್ಲಿ ಹುಲಿಯ ಭಯಕ್ಕಿಂತ ಹುಲಿಯಿಲ್ಲದ ಕಾಡಿನ ದುಃಖವೇ ಹೆಚ್ಚು. ವಿಜ್ಞಾನದ ಹೆಸರಿನಲ್ಲಿಯೂ ಕೋವಿ ಬಂದಿತು. ಸಲೀಂ ಅಲಿ ಅವರು 1939-40ರಲ್ಲಿ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ನಡೆಸಿದರು. ಹಕ್ಕಿಯನ್ನು ಹೊಡೆದು, ಚರ್ಮ ಸುಲಿದು, ಅಳೆದು, ಚೀಟಿ ಕಟ್ಟಿ ಪೆಟ್ಟಿಗೆಯಲ್ಲಿಡುವುದು ಆ ಕಾಲದ ಶಾಸ್ತ್ರೀಯ ಕ್ರಮ. ನಮ್ಮ ನಾಡಿನ ಹಕ್ಕಿಗಳನ್ನು ಉಳಿಸಲು ನೆರವಾದ ಜ್ಞಾನದ ತಳಹದಿ ಹಾಗೆ ಕೊಂದ ಹಕ್ಕಿಗಳ ಮೇಲೆ ನಿಂತಿದೆ. ಇದನ್ನು ಆಕ್ಷೇಪಣೆಯಾಗಿ ಹೇಳುತ್ತಿಲ್ಲ. ನೋಡುವುದಕ್ಕೆ ಕೊಲ್ಲದೆ ಬೇರೆ ದಾರಿಯಿಲ್ಲದಿದ್ದ ಒಂದು ಕಾಲವಿತ್ತೆಂದು ನೆನಪಿಸುತ್ತಿದ್ದೇನೆ.

ಇನ್ನು ಭದ್ರಾವತಿ. ಹಿಂದೆ ಬೆಂಕಿಪುರವೆಂದು ಹೆಸರಾಗಿದ್ದ ಈ ಊರಿನಲ್ಲಿ 1918ರಲ್ಲಿ ಕಟ್ಟತೊಡಗಿದ ಕಬ್ಬಿಣದ ಕಾರ್ಖಾನೆ 1923ರಲ್ಲಿ ಕೆಲಸ ಆರಂಭಿಸಿತು. ಕೆಮ್ಮಣ್ಣುಗುಂಡಿಯ ಅದಿರನ್ನು ಕರಗಿಸಲು ಇಲ್ಲಿ ಕಲ್ಲಿದ್ದಲಿರಲಿಲ್ಲ, ಕಾಡಿತ್ತು. ಮರ ಸುಟ್ಟ ಇದ್ದಿಲಿನಿಂದಲೇ ಕುಲುಮೆ ಉರಿಯಬೇಕಾಗಿತ್ತು. ಆ ಮರಕ್ಕಾಗಿ ಕಾಡಿನೊಳಕ್ಕೆ ಟ್ರಾಮಿನ ಹಳಿಗಳು ಹೋದವು. 1936ರಲ್ಲಿ ಕಾಗದದ ಕಾರ್ಖಾನೆಯೂ ಸ್ಥಾಪನೆಯಾಯಿತು. ನನ್ನ ಪೀಳಿಗೆಯ ಎಷ್ಟೋ ಕುಟುಂಬಗಳು ಅನ್ನ ಉಂಡದ್ದು ಈ ಎರಡು ಚಿಮಣಿಗಳ ನೆರಳಿನಲ್ಲಿ. ನಾವು ಓದಿದ ಪಠ್ಯಪುಸ್ತಕದ ಕಾಗದದಲ್ಲಿಯೂ ಕಾಡಿನ ಪಾಲಿತ್ತು. ಹಾಗಾಗಿ ಈ ಚರಿತ್ರೆಯಲ್ಲಿ ಬೆರಳು ತೋರಿಸುವ ಅಧಿಕಾರ ನನಗಿಲ್ಲ. ಆದರೆ ಒಂದು ಮಾತನ್ನು ಹೇಳದಿರಲಾರೆ: ಕೋವಿ ಕೊಂದದ್ದು ಪ್ರಾಣಿಯನ್ನು, ಕೊಡಲಿ ಕೊಂದದ್ದು ಪ್ರಾಣಿಯ ಮನೆಯನ್ನು. ಕ್ಯಾಮೆರಾ ಮಲೆನಾಡಿಗೆ ಬರುವ ಹೊತ್ತಿಗೆ ಎರಡೂ ಕೆಲಸ ಬಹುಮಟ್ಟಿಗೆ ಮುಗಿದಿದ್ದವು.

ಈಗ ಸ್ವಲ್ಪ ದೂರ ಹೋಗಿಬರೋಣ. ಛಾಯಾಗ್ರಹಣ 1839ರಲ್ಲಿ ಲೋಕಕ್ಕೆ ಪ್ರಕಟವಾಯಿತಾದರೂ, ಕಾಡುಪ್ರಾಣಿಯ ಚಿತ್ರಕ್ಕೆ ಇನ್ನೂ ಅರ್ಧ ಶತಮಾನ ಕಾಯಬೇಕಾಯಿತು. ಆಗಿನ ಕ್ಯಾಮೆರಾದ ಎದುರು ಮನುಷ್ಯನೇ ಕಲ್ಲಿನಂತೆ ಕೂರಬೇಕಾಗಿದ್ದಾಗ ಜಿಂಕೆ ಕೂರುವುದೆಲ್ಲಿ ಬಂತು! 1892ರಲ್ಲಿ ಇಂಗ್ಲೆಂಡಿನ ಕೀರ್ಟನ್ ಸಹೋದರರು ಹಕ್ಕಿಯ ಗೂಡೊಂದರ ಚಿತ್ರ ತೆಗೆದು ಹೊಸ ದಾರಿ ಹಾಕಿದರು. ಆಮೇಲೆ ಅವರು ಪೊಳ್ಳಾದ ಎತ್ತಿನ ಆಕಾರ ಮಾಡಿಸಿ ಅದರ ಹೊಟ್ಟೆಯಲ್ಲಿ ಅಡಗಿ ಕೂತು ಹಕ್ಕಿಗಳ ಚಿತ್ರ ತೆಗೆದದ್ದೂ ಉಂಟು. ನಮ್ಮಲ್ಲಿ ಪಳಗಿಸಿದ ಎತ್ತಿನ ಮರೆಯಲ್ಲಿ ನಡೆದು ಕೃಷ್ಣಮೃಗವನ್ನು ಸಮೀಪಿಸುತ್ತಿದ್ದ ಬೇಟೆಗಾರರ ಉಪಾಯವೇ ಇದು. ಎತ್ತು ಮಾತ್ರ ಬೇರೆ. ಅಮೆರಿಕದ ಜಾರ್ಜ್ ಶಿರಾಸ್ ಬೇಟೆಗಾರನಾಗಿದ್ದು ಕ್ಯಾಮೆರಾ ಹಿಡಿದವನು. ರಾತ್ರಿ ದೋಣಿಯಲ್ಲಿ ದೀಪ ತೋರಿಸಿ ಜಿಂಕೆ ಹೊಡೆಯುವ ಕ್ರಮವನ್ನೇ ಆತ ಚಿತ್ರ ತೆಗೆಯಲು ಬಳಸಿಕೊಂಡ. 1906ರಲ್ಲಿ ಆ ಚಿತ್ರಗಳು ಪ್ರಕಟವಾಗಿ ಹೆಸರಾದವು. ನಮ್ಮ ದೇಶದಲ್ಲಿ ಎಫ್.ಡಬ್ಲ್ಯು. ಚಾಂಪಿಯನ್ ಎಂಬ ಅರಣ್ಯಾಧಿಕಾರಿ ಹಿಮಾಲಯದ ತಪ್ಪಲಿನ ಕಾಡುಗಳಲ್ಲಿ, ಹುಲಿ ತಾನೇ ತಂತಿಯನ್ನು ಎಡವಿ ತನ್ನ ಚಿತ್ರವನ್ನು ತಾನೇ ತೆಗೆದುಕೊಳ್ಳುವಂತೆ ಕ್ಯಾಮೆರಾ ಹೂಡಿದ. 1927ರಲ್ಲಿ ಅವನ ಪುಸ್ತಕ ಹೊರಬಂದಿತು. ಜಿಮ್ ಕಾರ್ಬೆಟ್ ಕ್ಯಾಮೆರಾದ ಕಡೆಗೆ ಒಲಿದದ್ದರಲ್ಲಿ ಚಾಂಪಿಯನ್ನನ ಪ್ರಭಾವವಿತ್ತು. ಒಂದು ಹುಲಿಯ ಪಟ್ಟೆ ಇನ್ನೊಂದಕ್ಕಿಲ್ಲ, ಪಟ್ಟೆ ನೋಡಿ ಹುಲಿಯನ್ನು ಗುರುತಿಸಬಹುದು ಎಂಬುದನ್ನು ತನ್ನ ಚಿತ್ರಗಳಿಂದ ಅವನು ಕಂಡುಕೊಂಡಿದ್ದ. ಈ ಸಂಗತಿಯನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಕರ್ನಾಟಕದಲ್ಲಿ ಈ ಕಲೆಗೆ ಒಂದು ಗುರುಪರಂಪರೆಯೇ ಇದೆ. ಬೆಂಗಳೂರಿನಲ್ಲಿ ಓ.ಸಿ. ಎಡ್ವರ್ಡ್ಸ್ ಅವರ ಮಾರ್ಗದರ್ಶನದಲ್ಲಿ ಬೆಳೆದ ಟಿ.ಎನ್.ಎ. ಪೆರುಮಾಳ್, ಅವರ ಸಮಕಾಲೀನರಾದ ಇ. ಹನುಮಂತರಾವ್, ಸಂಡೂರಿನ ಎಂ.ವೈ. ಘೋರ್ಪಡೆ ಇವರ ಹೆಸರುಗಳು ದೇಶದಾಚೆಗೂ ಹೋದವು. ಘೋರ್ಪಡೆಯವರು ರಾಜ್ಯದ ಹಣಕಾಸು ಸಚಿವರಾಗಿದ್ದವರು; 1983ರಲ್ಲಿ ಬಂದ ಅವರ ಕಪ್ಪು ಬಿಳುಪು ಚಿತ್ರಗಳ ಪುಸ್ತಕ ಪ್ರಸಿದ್ಧವಾಗಿದೆ. ಆದರೆ ಸಾಹಿತ್ಯಾಸಕ್ತರಾದ ನಮಗೆ ಹೆಚ್ಚು ಹತ್ತಿರದ ಹೆಸರು ಪೂರ್ಣಚಂದ್ರ ತೇಜಸ್ವಿಯವರದು. ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯ ಮನೆತನದ ಈ ಕುಡಿ ಮೂಡಿಗೆರೆಯ ಬಳಿ ತೋಟ ಮಾಡಿಕೊಂಡು, ಕೋವಿ, ಗಾಳ, ಕ್ಯಾಮೆರಾ ಮೂರನ್ನೂ ಬಲ್ಲವರಾಗಿ, ಕೊನೆಗೆ ಹಕ್ಕಿಗಳೆದುರು ಕ್ಯಾಮೆರಾ ಹಿಡಿದು ಗಂಟೆಗಟ್ಟಲೆ ಕಾಯುವುದರಲ್ಲಿ ಸುಖ ಕಂಡರು. ಆಂಡರ್ಸನ್ನನ ಬೇಟೆಯ ಕಥೆಗಳನ್ನು 'ಕಾಡಿನ ಕತೆಗಳು' ಎಂದು ಕನ್ನಡಕ್ಕೆ ತಂದವರೂ ಅವರೇ, ಕನ್ನಡ ನಾಡಿನ ಹಕ್ಕಿಗಳನ್ನು ಕನ್ನಡದ ಹೆಸರುಗಳಿಂದ ಪರಿಚಯಿಸಿದವರೂ ಅವರೇ. ತಂದೆ ಅಕ್ಷರದಲ್ಲಿ ಮಲೆನಾಡಿನ ಚಿತ್ರಗಳನ್ನು ಬರೆದರು. ಮಗ ಬೆಳಕಿನಲ್ಲಿ ಬರೆದರು. ಕೋವಿಯಿಂದ ಕ್ಯಾಮೆರಾಕ್ಕೆ ನಮ್ಮ ನಾಡು ನಡೆದ ದಾರಿ ಒಂದೇ ಮನೆಯ ಎರಡು ತಲೆಮಾರುಗಳಲ್ಲಿ ಅಡಕವಾಗಿದೆ.

ಕಾನೂನು ಈ ದಾರಿಗೆ ಮೈಲಿಗಲ್ಲುಗಳನ್ನು ನೆಟ್ಟಿತು. ಭದ್ರೆಯ ಕಾಡಿನ ಒಂದು ಭಾಗ 1951ರಲ್ಲಿಯೇ ಜಾಗರ ಕಣಿವೆಯ ಅಭಯಾರಣ್ಯವಾಗಿತ್ತು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದಿತು. 1974ರಲ್ಲಿ ಭದ್ರಾ ಅಭಯಾರಣ್ಯ ವಿಸ್ತಾರಗೊಂಡು ಈಗಿನ ಹೆಸರು ಪಡೆಯಿತು. ಅದೇ ವರ್ಷ ಶಿವಮೊಗ್ಗದ ಮಗ್ಗುಲಿನ ಶೆಟ್ಟಿಹಳ್ಳಿಯೂ ಅಭಯಾರಣ್ಯವಾಯಿತು. ಅಲ್ಲಿಗೆ ಕೋವಿ ಮನೆಯ ಗೋಡೆಯನ್ನು ಸೇರಿತು. ಎಲ್ಲರ ಮನೆಯಲ್ಲಿ ಅಲ್ಲದಿದ್ದರೂ ಬಹಳ ಜನರ ಮನೆಯಲ್ಲಿ.

ಈ ಬದಲಾವಣೆಯ ಕಾಲದಲ್ಲಿ ನಾನು ಹುಡುಗನಾಗಿದ್ದೆ. ಭದ್ರಾವತಿಯಲ್ಲಿ ನಮ್ಮ ನೆರೆಯಲ್ಲಿ ಕಾರ್ಖಾನೆಯ ನೌಕರರೊಬ್ಬರಿದ್ದರು. ನೆಂಟರಲ್ಲದಿದ್ದರೂ ಕೇರಿಯ ಮಕ್ಕಳೆಲ್ಲ ಅವರನ್ನು ಮಾವ ಎಂದೇ ಕರೆಯುತ್ತಿದ್ದೆವು. ಅವರ ತಂದೆ ಹೆಸರಾದ ಶಿಕಾರಿಗಳಂತೆ. ಮಗ ಕೋವಿಯನ್ನು ಮುಟ್ಟಲಿಲ್ಲ. ಕಷ್ಟಪಟ್ಟು ಹಣ ಕೂಡಿಸಿ ಎರಡು ಮಸೂರಗಳ ಯಾಷಿಕಾ ಕ್ಯಾಮೆರಾವೊಂದನ್ನು ಕೊಂಡಿದ್ದರು. ಮೇಲಿನಿಂದ ಬಗ್ಗಿ ನೋಡಬೇಕಾದ ಪೆಟ್ಟಿಗೆಯದು. ಗಾಜಿನಲ್ಲಿ ಎಡವಿದ್ದುದು ಬಲಕ್ಕೆ, ಬಲವಿದ್ದುದು ಎಡಕ್ಕೆ ಕಾಣುತ್ತಿತ್ತು. ಒಂದು ಸುರುಳಿಗೆ 12 ಚಿತ್ರಗಳು. ಬೇಸಿಗೆಯ ಭಾನುವಾರಗಳಲ್ಲಿ ನಸುಕಿಗೇ ಎದ್ದು, ಸೈಕಲ್ಲಿನ ಹಿಂದೆ ಮೂರುಕಾಲಿನ ಸ್ಟ್ಯಾಂಡು ಕಟ್ಟಿಕೊಂಡು, ಬುತ್ತಿಯೊಡನೆ ಹೊರಡುತ್ತಿದ್ದರು. ನಾನು ಎರಡನೆಯ ಸೈಕಲ್ಲಿನ ಹಮಾಲಿ. ದೂರದ ಪ್ರಾಣಿಯನ್ನು ಹತ್ತಿರ ತರುವ ಮಸೂರ ಅವರಲ್ಲಿರಲಿಲ್ಲ. ಆದ್ದರಿಂದ ಅವರಿಗೆ ಒಲಿದದ್ದು ಗೂಡುಗಳು. ಕ್ಯಾಮೆರಾವನ್ನು ಗೂಡಿನ ಬಳಿ ನಿಲ್ಲಿಸಿ, ಗೋಣಿ ಹೊದಿಸಿ, ಅದಕ್ಕೆ ಉದ್ದವಾದ ರಬ್ಬರಿನ ಕೊಳವೆ ಜೋಡಿಸಿ, ದೂರದಲ್ಲಿ ಮಲಗಿ ಕೊಳವೆಯ ತುದಿಯ ಬುರುಡೆಯನ್ನು ಒತ್ತಿದರೆ ಚಿತ್ರ ಬೀಳುತ್ತಿತ್ತು. ಹಕ್ಕಿ ಬರುವವರೆಗೆ ಮೂರು ಗಂಟೆಯಾದರೂ ಸರಿ, ಅವರು ಅಲುಗಾಡುತ್ತಿರಲಿಲ್ಲ. ಶಿಕಾರಿಯ ಮಗನ ತಾಳ್ಮೆ ಅದು.

1977ರ ಏಪ್ರಿಲ್ ತಿಂಗಳಿನ ಒಂದು ಭಾನುವಾರ. ಕಾಲುವೆಯ ಏರಿಯ ಲಂಟಾನದ ಪೊದೆಯಲ್ಲಿ ಕೆಮ್ಮೀಸೆ ಪಿಕಳಾರದ ಗೂಡು ಸಿಕ್ಕಿತು. ಒಳಗೆ ಮೂರು ಮರಿಗಳು. ಕಣ್ಣು ಆಗತಾನೆ ತೆರೆದಿದ್ದವು. ಪೊದೆ ದಟ್ಟವಾಗಿತ್ತು, ಗೂಡಿನ ಮೇಲೆ ನೆರಳು ಬಿದ್ದಿತ್ತು. ಮಾವ ಗಾಜಿನೊಳಗೆ ಬಗ್ಗಿ ನೋಡಿ, "ಬೆಳಕು ಸಾಲದಲ್ಲೋ" ಎಂದರು. ಚೂರಿ ತೆಗೆದವನು ನಾನು. ನಾಲ್ಕೈದು ಕೊಂಬೆಗಳನ್ನು ಸವರಿದೆ. ಇನ್ನೆರಡನ್ನು ಬಾಳೆನಾರಿನಿಂದ ಹಿಂದಕ್ಕೆ ಎಳೆದು ಕಟ್ಟಿದೆ. ಬಿಸಿಲು ಗೂಡಿನೊಳಕ್ಕೆ ಇಳಿಯಿತು. ಒಂದು ಗಂಟೆಯ ಮೇಲೆ ತಾಯಿ ಹಸಿರು ಹುಳುವೊಂದನ್ನು ಕಚ್ಚಿಕೊಂಡು ಬಂದು ಗೂಡಿನ ಅಂಚಿನಲ್ಲಿ ಕೂತಿತು. ಮೂರು ಬಾಯಿಗಳೂ ತೆರೆದವು. ಮಾವ ಬುರುಡೆ ಒತ್ತಿದರು. ಸಂತೋಷದಲ್ಲಿ ಬುತ್ತಿ ಬಿಚ್ಚಿ ಉಂಡು, ಸಾಮಾನು ಕಟ್ಟಿ, ಊರಿಗೆ ಹಿಂತಿರುಗಿದೆವು. ಕಟ್ಟಿದ್ದ ಎರಡು ಕೊಂಬೆಗಳನ್ನು ಬಿಚ್ಚುವುದು ಇಬ್ಬರಿಗೂ ನೆನಪಾಗಲಿಲ್ಲ. ಬಿಚ್ಚಿದ್ದರೂ ಕಡಿದದ್ದು ಕೂಡುತ್ತಿರಲಿಲ್ಲ.

ಮುಂದಿನ ಭಾನುವಾರ ಹೋದೆವು. ಗೂಡು ಒಂದು ಪಕ್ಕ ಹರಿದು ಜೋತುಬಿದ್ದಿತ್ತು. ಒಳಗೆ ಏನೂ ಇರಲಿಲ್ಲ. ಕಾಗೆಯೋ ಕೆಂಬೂತವೋ ಹಾವೋ, ಯಾರಿಗೆ ಗೊತ್ತು. ನಾವು ಬೆಳಕಿಗಾಗಿ ತೆರೆದ ಕಿಂಡಿಯಲ್ಲಿ ಬೇರೆ ಕಣ್ಣುಗಳೂ ಇಣುಕಿದ್ದವು. ಮಾವ ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ, "ನಮ್ಮಪ್ಪ ಹೊಡೆದದ್ದನ್ನ ಮನೆಗೆ ತರ್ತಿದ್ರು, ನಾವು ಅದನ್ನೂ ಮಾಡಲಿಲ್ಲ" ಎಂದರು. ಆ ಮಾತಿಗೆ ನನ್ನಲ್ಲಿ ಆಗ ಉತ್ತರವಿರಲಿಲ್ಲ, ಈಗಲೂ ಇಲ್ಲ.

ಗೂಡಿನ ಸುತ್ತ ಕೊಂಬೆ ಸವರುವುದು ಆ ಕಾಲದಲ್ಲಿ ನಮ್ಮಿಬ್ಬರ ಅಪರಾಧವಷ್ಟೇ ಆಗಿರಲಿಲ್ಲ. ಗೂಡಿನ ಚಿತ್ರ ತೆಗೆಯುವವರು ಲೋಕದಲ್ಲೆಲ್ಲ ಬಳಸುತ್ತಿದ್ದ ಕ್ರಮವದು. ಎಚ್ಚರವುಳ್ಳವರು ಕಡಿಯದೆ ಕಟ್ಟುತ್ತಿದ್ದರು, ಕೆಲಸ ಮುಗಿದೊಡನೆ ಬಿಚ್ಚುತ್ತಿದ್ದರು. ಇಂದು ಅನೇಕ ಸ್ಪರ್ಧೆಗಳಲ್ಲಿ ಗೂಡಿನ ಚಿತ್ರಗಳನ್ನು ಸ್ವೀಕರಿಸುವುದೇ ಇಲ್ಲ. ಆ ನಿಯಮ ಎಲ್ಲಿಂದ ಬಂತೆಂದು ಕೇಳುವ ತರುಣರಿಗೆ ನಾನು ಕೊಡಬಹುದಾದ ಉತ್ತರ ಇಷ್ಟೇ: ನಮ್ಮಂಥವರ ಭಾನುವಾರಗಳಿಂದ ಬಂತು.

ಹಾಗಾದರೆ ಕ್ಯಾಮೆರಾದಿಂದ ಕಾಡಿಗೆ ಒಳಿತೇ ಆಗಲಿಲ್ಲವೆ? ಆಗಿದೆ. ಚಾಂಪಿಯನ್ ಹೇಳಿದ ಪಟ್ಟೆಯ ಮಾತನ್ನು ನೆನಪಿಸಿಕೊಳ್ಳಿ. ಶಿವರಾಮ ಕಾರಂತರ ಪುತ್ರ ಉಲ್ಲಾಸ ಕಾರಂತರು 1990ರ ದಶಕದಲ್ಲಿ ನಾಗರಹೊಳೆಯಲ್ಲಿ, ಆಮೇಲೆ ಭದ್ರಾದಲ್ಲಿಯೂ, ಹುಲಿಯ ಹಾದಿಯ ಎರಡು ಪಕ್ಕದಲ್ಲಿ ಎದುರುಬದುರಾಗಿ ಕ್ಯಾಮೆರಾಗಳನ್ನಿಟ್ಟರು. ಹುಲಿಯ ಎಡಮಗ್ಗುಲಿನ ಪಟ್ಟೆ ಬಲಮಗ್ಗುಲಿಗಿಲ್ಲ. ಆದ್ದರಿಂದ ಎರಡು ಕ್ಯಾಮೆರಾ. ಎಷ್ಟು ಹುಲಿಗಳು ಎಷ್ಟು ಸಾರಿ ಮತ್ತೆ ಮತ್ತೆ ಸಿಕ್ಕವು ಎಂಬ ಲೆಕ್ಕದಿಂದ, ಸಿಗದೆ ಉಳಿದವು ಎಷ್ಟಿರಬಹುದೆಂದು ಗಣಿತ ಹೇಳುತ್ತದೆ. ಹೆಜ್ಜೆಯ ಅಚ್ಚು ನೋಡಿ ಅಂದಾಜು ಮಾಡುತ್ತಿದ್ದ ಕಾಲ ಹೋಗಿ ಪ್ರಮಾಣವುಳ್ಳ ಲೆಕ್ಕ ಬಂದದ್ದು ಹೀಗೆ. 1998ರಲ್ಲಿ ಭದ್ರಾ ಹುಲಿ ಯೋಜನೆಗೆ ಸೇರಿತು. ಇಲ್ಲಿ ಗಮನಿಸಬೇಕಾದ ಒಂದು ಸಂಗತಿಯಿದೆ: ಹೀಗೆ ಕಾಡಿಗೆ ಉಪಕಾರ ಮಾಡಿದ ಕ್ಯಾಮೆರಾದ ಹಿಂದೆ ಮನುಷ್ಯನೇ ಇಲ್ಲ. ಅವನು ಕ್ಯಾಮೆರಾ ಇಟ್ಟು ಮನೆಗೆ ಹೋಗಿದ್ದಾನೆ.

ಮನುಷ್ಯ ಇರುವಲ್ಲಿ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ಲಕ್ಕವಳ್ಳಿಯ ಅಣೆಕಟ್ಟಿನ ಹಿನ್ನೀರು ಬೇಸಿಗೆಯಲ್ಲಿ ಇಳಿದಾಗ ಬೋಳು ದ್ವೀಪಗಳು ಏಳುತ್ತವೆ. ಅಲ್ಲಿಗೆ ರೀವ ಹಕ್ಕಿಗಳು ದೊಡ್ಡ ಸಂಖ್ಯೆಯಲ್ಲಿ ಬಂದು ಬರಿನೆಲದ ಮೇಲೆ ಮೊಟ್ಟೆಯಿಡುತ್ತವೆ. ಗೂಡೆಂಬುದಿಲ್ಲ, ಕಲ್ಲುಮಣ್ಣಿನಲ್ಲಿ ಒಂದು ತಗ್ಗು ಅಷ್ಟೆ. ಮಧ್ಯಾಹ್ನದ ಬಿಸಿಲಿನಲ್ಲಿ ತಾಯಿ ಮೊಟ್ಟೆಯ ಮೇಲೆ ಕೂರುವುದು ಕಾವು ಕೊಡಲಿಕ್ಕಲ್ಲ, ನೆರಳು ಕೊಡಲಿಕ್ಕೆ. ದೋಣಿ ಒಂದು ಮಾರು ಹೆಚ್ಚು ಹತ್ತಿರ ಹೋದರೆ ಹಿಂಡು ಹಿಂಡೇ ಕೂಗುತ್ತ ಮೇಲೇಳುತ್ತದೆ. ಬಿಳಿ ರೆಕ್ಕೆಗಳು ನೀಲಿಯ ಆಕಾಶವನ್ನು ತುಂಬಿದ ಆ ಚಿತ್ರ ಬಹಳ ಸುಂದರ, ನಾನೂ ಮೆಚ್ಚಿದ್ದೇನೆ. ಆದರೆ ಆ ಸುಂದರ ಕ್ಷಣದಲ್ಲಿ ಕೆಳಗೆ ಮೊಟ್ಟೆಗಳು ಬಿಸಿಲಿಗೆ ಬಿದ್ದಿರುತ್ತವೆ. ಕಾಲುವೆಯ ಏರಿಯ ಮೇಲಿನ ಬಿಸಿಲೂ ಇದೇ ಬಿಸಿಲು. ದೋಣಿಯನ್ನು ದೂರದಲ್ಲಿಯೇ ನಿಲ್ಲಿಸಿ, ಹಕ್ಕಿಗಳು ಏಳದಿರಲೆಂದು ಉಸಿರು ಬಿಗಿಹಿಡಿದು ಕೂರುವ ಛಾಯಾಗ್ರಾಹಕರನ್ನೂ ಕಂಡಿದ್ದೇನೆ. ಅವರ ಚಿತ್ರಗಳಲ್ಲಿ ಹಾರುವ ರೆಕ್ಕೆಗಳು ಕಡಿಮೆ. ಕೂತ ಹಕ್ಕಿಗಳೇ ಹೆಚ್ಚು.

ನಮ್ಮ ಊರಿನ ಮಕ್ಕಳಿಗೆ ಬೇಸಿಗೆ ರಜೆಯಲ್ಲಿ ಮೊದಲ ಪ್ರಾಣಿಚಿತ್ರ ಸಿಗುವುದು ಸಾಮಾನ್ಯವಾಗಿ ತುಂಗೆಯ ದಡದ ಸಕ್ರೆಬೈಲಿನ ಆನೆಗಳಿಂದ, ಇಲ್ಲವೆ 1988ರಲ್ಲಿ ಆರಂಭವಾದ ತ್ಯಾವರೆಕೊಪ್ಪದ ಹುಲಿ-ಸಿಂಹಧಾಮದಿಂದ. ಹೋಗಲಿ, ನೋಡಲಿ, ಚಿತ್ರವನ್ನೂ ತೆಗೆಯಲಿ. ಆದರೆ ಜೊತೆಗೆ ಹೋದ ಹಿರಿಯರು ಒಂದು ಪಾಠವನ್ನು ಕಲಿಸಿದರೆ ಸಾಕು: ಪ್ರಾಣಿ ತಾನಾಗಿ ನಮ್ಮ ಕಡೆ ತಿರುಗುವವರೆಗೆ ಕಾಯಬೇಕು, ಕೂಗಿ ತಿರುಗಿಸಬಾರದು. ಬೇಟೆಗಾರನಿಂದ ನಾವು ಋತುವನ್ನು ಪಡೆದೆವು, ಮಡುವನ್ನು ಪಡೆದೆವು, ಕಾಯುವ ವಿದ್ಯೆಯನ್ನು ಪಡೆದೆವು. ಅವನ ಆಸೆಯನ್ನೂ ಪಡೆದಿದ್ದೇವೆ. ಅದನ್ನು ಇಲ್ಲವೆನ್ನುವುದರಲ್ಲಿ ಅರ್ಥವಿಲ್ಲ. ಅವನಿಗೆ ಒಂದು ತಡೆಯಿತ್ತು: ಸತ್ತ ಪ್ರಾಣಿ ಕಣ್ಣೆದುರಿಗೆ ಬಿದ್ದಿರುತ್ತಿತ್ತು. ತಾನು ಮಾಡಿದ್ದೇನೆಂದು ಅವನಿಗೆ ತಿಳಿಯುತ್ತಿತ್ತು. ಕ್ಯಾಮೆರಾದವನಿಗೆ ಅದು ತಿಳಿಯುವುದು ಮುಂದಿನ ಭಾನುವಾರ ಮತ್ತೆ ಅಲ್ಲಿಗೆ ಹೋದರೆ ಮಾತ್ರ. ಬಹಳ ಜನ ಹೋಗುವುದಿಲ್ಲ.

ಮಾವ ಆ ಚಿತ್ರವನ್ನು ದೊಡ್ಡದು ಮಾಡಿಸಿದರು, ಆದರೆ ಗೋಡೆಗೆ ಹಾಕಲಿಲ್ಲ. ಗೂಡಿನ ಚಿತ್ರವನ್ನು ಮತ್ತೆ ತೆಗೆಯಲೂ ಇಲ್ಲ. ನಿವೃತ್ತರಾಗಿ ಊರು ಬಿಡುವಾಗ ಅದನ್ನು ನನ್ನ ಕೈಗಿತ್ತರು. ಚಿತ್ರದ ಹಿಂದೆ, ತಮ್ಮ ಪದ್ಧತಿಯಂತೆ, ದಿನಾಂಕ, ಹೊತ್ತು, ಬೆಳಕಿನ ಅಳತೆ ಎಲ್ಲವನ್ನೂ ಸೀಸದ ಕಡ್ಡಿಯಲ್ಲಿ ಗುರುತು ಹಾಕಿದ್ದರು. ಕೆಳಗೆ ಒಂದು ಸಾಲು: 'ಮುಂದಿನ ವಾರ ಗೂಡು ಬರಿದು.' ಚಿತ್ರ ಇಂದಿಗೂ ಸ್ಪಷ್ಟವಾ ಗಿದೆ. ತಾಯಿಯ ಕೆನ್ನೆಯ ಮೀಸೆ, ಕೊಕ್ಕಿನ ಹುಳು, ತೆರೆದ ಮೂರು ಬಾಯಿಗಳು, ಎಲ್ಲದರ ಮೇಲೂ ಒಳ್ಳೆಯ ಬೆಳಕು. ಮನೆಗೆ ಬರುವ ತರುಣರು ಕ್ಯಾಮೆರಾದ ಮಾತು ಎತ್ತಿದಾಗ ನಾನು ಅದನ್ನು ಅವರ ಕೈಗೆ ಕೊಡುತ್ತೇನೆ. ಅವರು ಚಿತ್ರವನ್ನು ನೋಡಿ ಹೊಗಳುತ್ತಾರೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಹಿಂದುಗಡೆಯನ್ನೂ ಓದಿ ಎನ್ನುತ್ತೇನೆ.

(ಆಕಾಶವಾಣಿ ಭಾಷಣದ ಲಿಖಿತ ರೂಪ)